ಔಷಧದ ಪಟ್ಟಿಯ ಮೇಲಿನ ‘ಫೆರಸ್’

ಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಗುಳಿಗೆ ರಕ್ತಹೀನತೆ ತಡೆಯುವ ಕಬ್ಬಿಣದ ಗುಳಿಗೆ. ಅದರ ಪಟ್ಟಿಯ ಮೇಲೆ ಸಾಮಾನ್ಯವಾಗಿ ಫೆರಸ್ ಸಲ್ಫೇಟ್ ಎಂದಿರುತ್ತದೆ. ಫೆರಿಕ್ ಎಂದೇಕಿಲ್ಲ? ಉತ್ತರ ಒಂದೇ ಒಂದು ಇಲೆಕ್ಟ್ರಾನಿನಲ್ಲಿದೆ.

ಪರಮಾಣುವಿನಲ್ಲಿ ಪ್ರೋಟಾನು, ಇಲೆಕ್ಟ್ರಾನುಗಳ ಸಂಖ್ಯೆ ಸಮ. ಇಲೆಕ್ಟ್ರಾನು ಕಳೆದುಕೊಂಡರೆ ಅದು ಧನ ಅಯಾನು, ಪಡೆದರೆ ಋಣ ಅಯಾನು. ಸೋಡಿಯಂ ಯಾವಾಗಲೂ ಒಂದನ್ನೇ ಬಿಡುತ್ತದೆ, ಕ್ಯಾಲ್ಸಿಯಂ ಎರಡನ್ನು. ಕಬ್ಬಿಣ ಮಾತ್ರ ಸಂದರ್ಭ ನೋಡಿಕೊಂಡು ಎರಡನ್ನೋ ಮೂರನ್ನೋ ಬಿಡುತ್ತದೆ. ಎರಡು ಬಿಟ್ಟದ್ದು ಫೆರಸ್, ಮೂರು ಬಿಟ್ಟದ್ದು ಫೆರಿಕ್. ಸಣ್ಣ ಕರುಳಿನ ಮೇಲ್ಭಾಗದ ಜೀವಕೋಶಗಳು ಒಳಗೆ ಬಿಟ್ಟುಕೊಳ್ಳುವುದು ಫೆರಸ್ ಅಯಾನನ್ನು. ಫೆರಿಕ್ ಬಂದರೆ ಮೊದಲು ಅದಕ್ಕೊಂದು ಇಲೆಕ್ಟ್ರಾನು ಸೇರಬೇಕು. ಊಟದ ಜೊತೆ ನಿಂಬೆಯೋ ನೆಲ್ಲಿಕಾಯಿಯೋ ಇರಲಿ ಎಂದು ವೈದ್ಯರು ಹೇಳುವುದು ಇದಕ್ಕೇ: ಅವುಗಳಲ್ಲಿರುವ ಸಿ ವಿಟಮಿನ್ ಆ ಇಲೆಕ್ಟ್ರಾನನ್ನು ಒದಗಿಸುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದರ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ.

ಹತ್ತನೇ ತರಗತಿಯ ಮಕ್ಕಳು ಇಂಥ ಹೆಸರುಗಳನ್ನು ಕಂಠಪಾಠ ಮಾಡುತ್ತಾರೆ. ಅದು ಬೇಕಿಲ್ಲ. ಅಯಾನಿನ ಆವೇಶ, ಅಂದರೆ ಅದು ಎಷ್ಟು ಇಲೆಕ್ಟ್ರಾನು ಬಿಟ್ಟಿದೆ ಅಥವಾ ಪಡೆದಿದೆ ಎಂಬುದು, ಗೊತ್ತಿದ್ದರೆ ಸೂತ್ರ ತಾನಾಗಿ ಬರುತ್ತದೆ, ಏಕೆಂದರೆ ಸಂಯುಕ್ತದ ಒಟ್ಟು ಆವೇಶ ಸೊನ್ನೆಯಾಗಲೇಬೇಕು. ಕ್ಲೋರೈಡಿನ ಆವೇಶ ಋಣ 1. ಹಾಗಾಗಿ ಫೆರಸ್ ಕ್ಲೋರೈಡಿನಲ್ಲಿ ಒಂದು ಕಬ್ಬಿಣಕ್ಕೆ ಎರಡು ಕ್ಲೋರಿನ್, ಫೆರಿಕ್ ಕ್ಲೋರೈಡಿನಲ್ಲಿ ಮೂರು. ಸಲ್ಫೇಟಿನ ಆವೇಶ ಋಣ 2. ಫೆರಿಕ್ ಸಲ್ಫೇಟಿನಲ್ಲಿ ಎರಡು ಕಬ್ಬಿಣ, ಮೂರು ಸಲ್ಫೇಟ್ ಸೇರಿದರೆ ಅತ್ತ 6, ಇತ್ತ 6. ಎಷ್ಟೆಷ್ಟು ಎಂಬುದು ಆವೇಶದಿಂದಲೇ ತಿಳಿಯುವುದರಿಂದ ಹೆಸರಿನಲ್ಲಿ ಮತ್ತೆ ಹೇಳುವುದಿಲ್ಲ; ಕ್ಯಾಲ್ಸಿಯಂ ಕ್ಲೋರೈಡನ್ನು ‘ಡೈಕ್ಲೋರೈಡ್’ ಎನ್ನದಿರುವುದು ಅದಕ್ಕೆ.

ಹೆಸರಿನಲ್ಲಿ ಧನ ಅಯಾನು ಮುಂದೆ, ಋಣ ಅಯಾನು ಹಿಂದೆ. ಒಂದೇ ಧಾತುವಿನ ಋಣ ಅಯಾನಾದರೆ ಕೊನೆಯಲ್ಲಿ ‘ಐಡ್’: ಕ್ಲೋರೈಡ್, ಆಕ್ಸೈಡ್. ಆಕ್ಸಿಜನ್ ಸೇರಿದ ಗುಂಪಾದರೆ ಸಾಮಾನ್ಯವಾಗಿ ‘ಏಟ್’ ಅಥವಾ ‘ಐಟ್’. ನೈಟ್ರೇಟಿನಲ್ಲಿ ಮೂರು ಆಕ್ಸಿಜನ್, ನೈಟ್ರೈಟಿನಲ್ಲಿ ಎರಡು. ಎರಡಕ್ಕೂ ಆವೇಶ ಒಂದೇ ಎಂಬುದನ್ನು ಮಕ್ಕಳು ಮರೆಯುತ್ತಾರೆ, ಶಿಕ್ಷಕರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಫೆರಸ್, ಫೆರಿಕ್‌ನಂಥ ಹಳೆಯ ಜೋಡಿಗಳಲ್ಲಿ ಒಂದು ತೊಡಕಿದೆ. ಫೆರಸ್ ಎಂದರೆ 2, ಆದರೆ ತಾಮ್ರದ ಕ್ಯುಪ್ರಸ್ ಎಂದರೆ 1. ಕಡಿಮೆ ಯಾವುದು, ಹೆಚ್ಚು ಯಾವುದು ಎಂದಷ್ಟೇ ಹೇಳುವ ಹೆಸರುಗಳಿವು, ಎಷ್ಟು ಎಂದು ಹೇಳುವುದಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಲೋಹದ ಹೆಸರಿನ ಪಕ್ಕದಲ್ಲೇ ಆವೇಶದ ಅಂಕಿಯನ್ನು ನಮೂದಿಸುವ ಕ್ರಮ ಸೂಚಿಸಿದ. ಈಗ ಅದನ್ನು ಆವರಣದಲ್ಲಿ ರೋಮನ್ ಅಂಕಿಯಾಗಿ ಬರೆಯುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡಲು ಮಲೆನಾಡಿನವರು ತರುವ ಮೈಲುತುತ್ತ ಈ ಕ್ರಮದಲ್ಲಿ ರೋಮನ್ ಎರಡರ ಕಾಪರ್ ಸಲ್ಫೇಟ್. ನನಗೆ ಈ ಕ್ರಮವೇ ಮೇಲೆನಿಸುತ್ತದೆ. ಔಷಧದ ಪಟ್ಟಿಗಳು ಮಾತ್ರ ಇನ್ನೂ ಫೆರಸ್ ಎನ್ನುವುದನ್ನು ಬಿಟ್ಟಿಲ್ಲ.

ಮನೆಯಲ್ಲಿ ಓಆರ್‌ಎಸ್ ಪೊಟ್ಟಣವಿದ್ದರೆ ಮಕ್ಕಳ ಕೈಗೆ ಕೊಟ್ಟು ಓದಿಸಿ. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಇವುಗಳಲ್ಲಿ ನೀರಿಗೆ ಬಿದ್ದೊಡನೆ ಅಯಾನುಗಳಾಗಿ ಬೇರೆಯಾಗುವುದು ಯಾವುವು, ಆಗದಿರುವುದು ಯಾವುದು ಎಂದು ಕೇಳಿ. ಗ್ಲೂಕೋಸ್ ಮಾತ್ರ ಆಗುವುದಿಲ್ಲ.