ಗರ್ಭಿಣಿ, ಕೂಸು ಮತ್ತು ಕಬ್ಬಿಣಾಂಶ

ಚರಕಸಂಹಿತೆಯು ಪಾಂಡುರೋಗವನ್ನು ಐದು ಬಗೆಯಾಗಿ ವಿಂಗಡಿಸಿದೆ. ಐದನೆಯದು ಮಣ್ಣು ತಿನ್ನುವುದರಿಂದ ಹುಟ್ಟುವುದು. ದೇವದುರ್ಗ, ಮಾನ್ವಿ ಕಡೆಯ ಬಸುರಿಯರು ಮಣ್ಣು, ಬೂದಿ, ಹಸಿ ಅಕ್ಕಿಯ ಬಯಕೆಯನ್ನು ಸಂಕೋಚದಿಂದ ಹೇಳಿಕೊಂಡಾಗ ನಾವು ಮೊದಲು ರಕ್ತಪರೀಕ್ಷೆಗೆ ಕಳುಹಿಸುತ್ತೇವೆ. ಈ ಬಯಕೆ ಹಲವೊಮ್ಮೆ ಕಬ್ಬಿಣಾಂಶದ ಕೊರತೆಯ ಗುರುತು. ಕಣ್ಣರೆಪ್ಪೆ, ಉಗುರು ನೋಡಿ ಅಂದಾಜಿಸಿದರೆ ಸಾಲದು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ರಾಯಚೂರಿನ ರಿಮ್ಸ್‌ನಂತಹ ದೊಡ್ಡ ಆಸ್ಪತ್ರೆ ಸೇರಬೇಕು. ಲೋಹಭಸ್ಮ, ಪುನರ್ನವಾ ಮಂಡೂರಗಳಲ್ಲಿ ನಮಗೆ ಗೌರವವಿದೆ. ಆದರೂ ಗರ್ಭಿಣಿಯು ವೈದ್ಯರನ್ನು ಕೇಳದೆ ಅವನ್ನು ಸೇವಿಸಬಾರದು.

ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಮಲ ಕಪ್ಪಾಯಿತೆಂದು ಹೆದರಿ ಅತ್ತೆಯಂದಿರು ಮಾತ್ರೆಯನ್ನು ಗೂಡಿನಲ್ಲಿಡಿಸುವುದುಂಟು. ಕಬ್ಬಿಣ ಸೇವಿಸಿದಾಗ ಹಾಗಾಗುವುದು ಸಹಜ. ಚಹಾದೊಡನೆ ಬೇಡ, ಲಿಂಬೆರಸ ಒಳ್ಳೆಯದು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವವರು ತಾಯಿ ಕಾರ್ಡನ್ನೂ ಮಾತ್ರೆಗಳನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ಹೊರಡಬೇಕು.

ಕೂಸು ಗರ್ಭದಿಂದ ತಂದ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಆಮೇಲೂ ಎಮ್ಮೆಯ ಹಾಲೊಂದನ್ನೇ ನಂಬಿದರೆ, ಮೈ ತುಂಬಿಕೊಂಡಂತೆ ಕಂಡರೂ ರಕ್ತ ತೆಳುವಾಗುತ್ತದೆ. ಬೇಳೆ, ನುಗ್ಗೆಸೊಪ್ಪು ಬೆರೆಸಿದ ಮೆದು ಅನ್ನ ಆರಂಭವಾಗಲಿ. ಐದು ವರ್ಷದವರೆಗೆ ವಾರಕ್ಕೆರಡು ಸಲ 1 ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡಬೇಕು. ಜ್ವರ, ಭೇದಿಯಿದ್ದಾಗ ಮಾತ್ರ ತಡೆದು, ಗುಣವಾದ ಮೇಲೆ ಮುಂದುವರಿಸಬೇಕು. ಸೀಸೆ ಮಕ್ಕಳ ಕೈಗೆ ಎಟುಕದಿರಲಿ. ಅತಿಯಾದ ಕಬ್ಬಿಣ ಕೂಸಿಗೆ ವಿಷ.