‘ಅವ್ವ ರೊಟ್ಟಿ ಬಡಿತಾಳ’ ವಾಕ್ಯದಾಗ ತಪ್ಪೇನೈತಿ?

ರೋಣದ ಕಡೆಯ ಮಗುವೊಂದು ‘ಅವ್ವ ರೊಟ್ಟಿ ಬಡಿತಾಳ’ ಅಂತ ಬರೆದರೆ ಏನಾಗುತ್ತೆ? ಕೆಂಪು ಗೆರೆ ಬೀಳುವ ಸಾಧ್ಯತೆಯೇ ಹೆಚ್ಚು. ಪುಸ್ತಕದ ಕನ್ನಡದಲ್ಲಿ ಅದು ‘ಅಮ್ಮ ರೊಟ್ಟಿ ತಟ್ಟುತ್ತಾಳೆ’.

ಆದರೆ ಅವತ್ತಿನ ಪಾಠ ವಾಕ್ಯದ ಭಾಗಗಳದ್ದಾಗಿದ್ದರೆ, ಮಗುವಿಗೆ ಮೂರಕ್ಕೆ ಮೂರು ಅಂಕ ಸಿಗಬೇಕು. ಅವ್ವ ಕರ್ತೃ, ರೊಟ್ಟಿ ಕರ್ಮ, ಬಡಿತಾಳ ಕ್ರಿಯಾಪದ. ವಾಕ್ಯ ಕಟ್ಟೋದು ಒಂದು ಪಾಠ, ಶಿಷ್ಟ ರೂಪ ಕಲಿಯೋದು ಇನ್ನೊಂದು. ಎರಡನ್ನೂ ಒಂದೇ ಗೆರೆಯಲ್ಲಿ ತಿದ್ದಿದರೆ ಎಡವಿದ್ದು ಎಲ್ಲಿ ಅಂತ ಮಗುವಿಗೆ ಗೊತ್ತಾಗೋದೇ ಇಲ್ಲ.

ಕಲಿಸೋದಕ್ಕೆ ಸಾಮಗ್ರಿ ಊರಲ್ಲೇ ಇದೆ. ರೋಣದಲ್ಲಿ ‘ಅಪ್ಪ ಕಡ್ಲಿ ಕೀಳ್ತಾನ’, ನರಗುಂದದಲ್ಲಿ ‘ಅಕ್ಕ ಹತ್ತಿ ಬಿಡಿಸ್ತಾಳ’, ನೇಕಾರರ ಗಜೇಂದ್ರಗಡದಲ್ಲಿ ‘ಕಾಕಾ ಸೀರಿ ನೇಯ್ತಾನ’. ಮೂರು ಪದ, ಮೂರು ಚೀಟಿ. ಯಾರು? ಏನನ್ನ? ಏನ್ ಮಾಡ್ತಾರ? ಚೀಟಿ ಅದಲು ಬದಲು ಮಾಡಿ ‘ಸೀರಿ ಕಾಕಾ ನೇಯ್ತಾನ’ ಅಂದರೂ ಅರ್ಥ ಕೆಡಲ್ಲ. ಇಂಗ್ಲಿಷಿನಲ್ಲಿ ಹೀಗೆ ಮಾಡಿದರೆ ಸೀರೆಯೇ ಕಾಕಾನನ್ನು ನೇಯುತ್ತೆ!

‘ಯಾರು?’ ಅನ್ನೋ ಪ್ರಶ್ನೆ ಎಲ್ಲ ಕಡೆ ನಡೆಯಲ್ಲ. ‘ನನಗ ಹಸಿವಾಗೈತಿ’ ತಗೊಳ್ಳಿ. ಹಸಿದದ್ದು ನಾನು, ಆದರೆ ಕರ್ತೃ ಹಸಿವು. ಸುಳಿವು ಕ್ರಿಯಾಪದದ ಬಾಲದಲ್ಲಿದೆ: ಅಪ್ಪ ಬಂದರೆ ‘-ಆನ’, ಅವ್ವ ಬಂದರೆ ‘-ಆಳ’, ಎತ್ತು ಬಂದರೆ ‘-ಐತಿ’. ಇಲ್ಲಿರೋದು ‘-ಐತಿ’, ಅಂದರೆ ಅದು ಹೊಂದಿಕೊಂಡಿರೋದು ಹಸಿವಿಗೆ. ‘ಇಂವ ನನ್ನ ತಮ್ಮ’ ವಾಕ್ಯದಲ್ಲಂತೂ ಕ್ರಿಯಾಪದವೇ ಇಲ್ಲ, ಆದರೂ ಅದು ಪೂರ್ಣ ವಾಕ್ಯ. ‘ಕ್ರಿಯಾಪದ ಇಲ್ಲದೆ ವಾಕ್ಯವಿಲ್ಲ’ ಅಂತ ಉರು ಹೊಡೆಸಿದರೆ ಮಗು ಇಲ್ಲೇ ಸಿಕ್ಕಿಬೀಳುತ್ತೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಸುಮ್ಮನೆ ಅಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ 5ನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಿ ಅನ್ನುತ್ತೆ. ಈ ಮಕ್ಕಳ ಮನೆಮಾತು ‘ಬಡಿತಾಳ’. ‘ತಟ್ಟುತ್ತಾಳೆ’ಯನ್ನೂ ಕಲಿಸಲೇಬೇಕು, ಪರೀಕ್ಷೆ, ಅರ್ಜಿ, ಪತ್ರಿಕೆ ಎಲ್ಲಕ್ಕೂ ಅದು ಬೇಕು. ಅದನ್ನ ಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು. ಮೊದಲ ವಾಕ್ಯಕ್ಕೇ ಗೆರೆ ಎಳೆದರೆ ಮಗು ಕಲಿಯೋದು ಒಂದೇ: ಅವ್ವ ಮಾತಾಡೋದು ತಪ್ಪು.