ಯಕೃತ್ತಿನ ಕಸಿಯಲ್ಲಿ ಟ್ಯಾಕ್ರೋಲಿಮಸ್‌ನ ಚಯಾಪಚಯ ಮತ್ತು ಮಟ್ಟದ ನಿಗಾ

ಟ್ಯಾಕ್ರೋಲಿಮಸ್ ಎಂಬುದು ಅಂಗಾಂಗ ಕಸಿಗೆ ಒಳಗಾದವರಿಗೆ ನೀಡಲಾಗುವ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಒಂದು ಔಷಧ. ಕಸಿ ಮಾಡಿದ ಯಕೃತ್ತನ್ನು ದೇಹವು ಪರಕೀಯ ವಸ್ತುವೆಂದು ಗುರುತಿಸಿ ನಾಶಪಡಿಸದಂತೆ ಇದು ತಡೆಯುತ್ತದೆ. ಈ ಔಷಧವನ್ನು ಒಡೆದು ಹೊರಹಾಕುವ ಮುಖ್ಯ ಅಂಗವೂ ಯಕೃತ್ತೇ ಆಗಿದೆ. ಹೀಗಾಗಿ, ಯಾವ ಅಂಗದ ರಕ್ಷಣೆಗಾಗಿ ಔಷಧವನ್ನು ಕೊಡಲಾಗುತ್ತದೆಯೋ ಆ ಅಂಗದ ಸ್ಥಿತಿಯೇ ರಕ್ತದಲ್ಲಿ ಔಷಧವೆಷ್ಟು ಉಳಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಒಂದೇ ತೂಕದ ಇಬ್ಬರು ಒಂದೇ ಪ್ರಮಾಣದ ಔಷಧ ಸೇವಿಸಿದರೂ ಅವರ ರಕ್ತದಲ್ಲಿನ ಮಟ್ಟಗಳು ಹಲವು ಪಟ್ಟು ಭಿನ್ನವಾಗಿರಬಹುದು. ಮಟ್ಟ ಕಡಿಮೆಯಾದರೆ ಹೊಸ ಯಕೃತ್ತಿಗೆ ಅಪಾಯ. ಹೆಚ್ಚಾದರೆ ಮೂತ್ರಪಿಂಡ ಮತ್ತು ನರಮಂಡಲಕ್ಕೆ ಹಾನಿ. ಆದ್ದರಿಂದ ರಕ್ತದಲ್ಲಿನ ಮಟ್ಟವನ್ನು ಆಗಾಗ ಅಳೆದು, ಅದಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ಹೊಂದಿಸಲಾಗುತ್ತದೆ.

ಇತಿಹಾಸ

ಮಾನವರಲ್ಲಿ ಯಕೃತ್ತಿನ ಕಸಿಯನ್ನು ಮೊದಲಿಗೆ ಪ್ರಯತ್ನಿಸಿದವರು ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್. ೧೯೬೩ರಲ್ಲಿ ಡೆನ್ವರ್ ನಗರದಲ್ಲಿ ನಡೆದ ಆ ಪ್ರಯತ್ನ ಫಲಿಸಲಿಲ್ಲ. ೧೯೬೭ರಲ್ಲಿ ಅವರ ತಂಡವು ಕಸಿಯ ನಂತರ ರೋಗಿಯು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕುಳಿದ ಮೊದಲ ಯಶಸ್ಸನ್ನು ಕಂಡಿತು. ಶಸ್ತ್ರಕ್ರಿಯೆಯ ಕೌಶಲ ಬೆಳೆದರೂ ದೇಹವು ಹೊಸ ಅಂಗವನ್ನು ತಿರಸ್ಕರಿಸುವ ಸಮಸ್ಯೆ ಬಹುಕಾಲ ಉಳಿದುಕೊಂಡಿತು. ನಾರ್ವೆಯ ಮಣ್ಣಿನಲ್ಲಿ ದೊರೆತ ಶಿಲೀಂಧ್ರವೊಂದರಿಂದ ಪಡೆದ ಸೈಕ್ಲೋಸ್ಪೋರಿನ್ ಔಷಧವನ್ನು ಇಂಗ್ಲೆಂಡಿನ ರಾಯ್ ಕಾನ್ ಅವರು ೧೯೭೮ರಲ್ಲಿ ಕಸಿ ರೋಗಿಗಳಿಗೆ ನೀಡಿದ ಮೇಲೆ ಪರಿಸ್ಥಿತಿ ಸುಧಾರಿಸತೊಡಗಿತು.

೧೯೮೪ರಲ್ಲಿ ಜಪಾನಿನ ಫುಜಿಸಾವಾ ಔಷಧ ಸಂಸ್ಥೆಯ ವಿಜ್ಞಾನಿಗಳು ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಸ್ಟ್ರೆಪ್ಟೋಮೈಸಿಸ್ ತ್ಸುಕುಬೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಹೊಸ ಸಂಯುಕ್ತವೊಂದನ್ನು ಬೇರ್ಪಡಿಸಿದರು. ಆರಂಭದಲ್ಲಿ ಅದನ್ನು ಎಫ್‌ಕೆ-೫೦೬ ಎಂಬ ಸಂಕೇತನಾಮದಿಂದ ಕರೆಯಲಾಗುತ್ತಿತ್ತು. ಟ್ಯಾಕ್ರೋಲಿಮಸ್ ಎಂಬ ಹೆಸರಿನ ಮೊದಲ ಅಕ್ಷರ ತ್ಸುಕುಬಾದಿಂದಲೂ ಉಳಿದ ಭಾಗ ‘ಮ್ಯಾಕ್ರೋಲೈಡ್’ ಮತ್ತು ‘ಇಮ್ಯುನೋಸಪ್ರೆಸೆಂಟ್’ ಎಂಬ ಪದಗಳಿಂದಲೂ ಬಂದಿವೆ. ಸೈಕ್ಲೋಸ್ಪೋರಿನ್ ನೀಡಿದರೂ ತಿರಸ್ಕಾರ ನಿಲ್ಲದ ರೋಗಿಗಳಿಗೆ ಸ್ಟಾರ್ಜಲ್ ಅವರ ತಂಡವು ೧೯೮೯ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಈ ಔಷಧವನ್ನು ನೀಡಿತು. ೧೯೯೪ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಯಕೃತ್ತಿನ ಕಸಿಗಾಗಿ ಇದಕ್ಕೆ ಅನುಮತಿ ನೀಡಿತು.

ಭಾರತದಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಅಂಗೀಕಾರವಾದದ್ದೂ ೧೯೯೪ರಲ್ಲಿಯೇ. ೧೯೯೮ರಲ್ಲಿ ದೆಹಲಿಯಲ್ಲಿ ದೇಶದ ಮೊದಲ ಯಶಸ್ವಿ ಯಕೃತ್ತಿನ ಕಸಿ ನಡೆಯಿತು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ‘ಜೀವಸಾರ್ಥಕತೆ’ ಎಂಬ ಸರ್ಕಾರಿ ವ್ಯವಸ್ಥೆ ನೋಡಿಕೊಳ್ಳುತ್ತದೆ.

ಔಷಧವು ಕೆಲಸ ಮಾಡುವ ಬಗೆ

ರಕ್ತದಲ್ಲಿರುವ ಬಿಳಿಯ ಕಣಗಳ ಒಂದು ಬಗೆಯಾದ ಟಿ ಜೀವಕೋಶಗಳು ಪರಕೀಯ ಅಂಗಾಂಶವನ್ನು ಗುರುತಿಸಿ ದಾಳಿಗೆ ಸಜ್ಜಾಗುತ್ತವೆ. ಈ ಸಿದ್ಧತೆಯಲ್ಲಿ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವದ ಪಾತ್ರ ದೊಡ್ಡದು. ಟ್ಯಾಕ್ರೋಲಿಮಸ್ ಜೀವಕೋಶದೊಳಗೆ ಎಫ್‌ಕೆಬಿಪಿ-೧೨ ಎಂಬ ಪ್ರೋಟೀನಿನೊಡನೆ ಕೂಡಿಕೊಂಡು ಕ್ಯಾಲ್ಸಿನ್ಯೂರಿನ್ನನ್ನು ತಡೆಹಿಡಿಯುತ್ತದೆ. ಪರಿಣಾಮವಾಗಿ, ಟಿ ಜೀವಕೋಶಗಳು ವೃದ್ಧಿಯಾಗಲು ಬೇಕಾದ ಇಂಟರ್‌ಲ್ಯೂಕಿನ್-೨ ಎಂಬ ಸಂದೇಶವಾಹಕದ ಉತ್ಪಾದನೆ ಕುಗ್ಗುತ್ತದೆ. ಆದರೆ ಇವೇ ಜೀವಕೋಶಗಳು ಸೋಂಕುಗಳ ವಿರುದ್ಧವೂ ಹೋರಾಡುವುದರಿಂದ, ಔಷಧದ ಪ್ರಭಾವ ಅತಿಯಾದರೆ ರೋಗಿಯು ಸುಲಭವಾಗಿ ಸೋಂಕಿಗೆ ಗುರಿಯಾಗುತ್ತಾನೆ.

ದೇಹದೊಳಗೆ ಔಷಧದ ಪಯಣ

ನುಂಗಿದ ಟ್ಯಾಕ್ರೋಲಿಮಸ್‌ನಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗ ಮಾತ್ರ ರಕ್ತವನ್ನು ಸೇರುತ್ತದೆ. ಈ ಪಾಲು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಅದಕ್ಕೆ ಎರಡು ಅಡೆತಡೆಗಳಿವೆ. ಪಿ-ಗ್ಲೈಕೋಪ್ರೋಟೀನ್ ಎಂಬ ಪ್ರೋಟೀನು ಒಳಬಂದ ಔಷಧವನ್ನು ಮತ್ತೆ ಕರುಳಿನೊಳಕ್ಕೆ ತಳ್ಳುತ್ತದೆ. ಸಿವೈಪಿ೩ಎ ಗುಂಪಿನ ಕಿಣ್ವಗಳು ಅದನ್ನು ಅಲ್ಲಿಯೇ ಒಡೆಯತೊಡಗುತ್ತವೆ. ಉಳಿದದ್ದು ಯಕೃತ್ತನ್ನು ತಲುಪಿದಾಗ ಅದೇ ಗುಂಪಿನ ಕಿಣ್ವಗಳು ಅಲ್ಲಿಯೂ ಕಾದಿರುತ್ತವೆ. ಹೀಗೆ ಒಡೆದ ತುಣುಕುಗಳ ಬಹುಭಾಗ ಪಿತ್ತರಸದ ಮೂಲಕ ಮಲದಲ್ಲಿ ಹೊರಹೋಗುತ್ತದೆ. ಮೂತ್ರದಲ್ಲಿ ಹೋಗುವುದು ಅತ್ಯಲ್ಪ.

ರಕ್ತವನ್ನು ಸೇರಿದ ಔಷಧದ ಹೆಚ್ಚಿನ ಪಾಲು ಕೆಂಪು ರಕ್ತಕಣಗಳಲ್ಲಿ ನೆಲೆಸುತ್ತದೆ. ಆದ್ದರಿಂದಲೇ ಇದರ ಮಟ್ಟವನ್ನು ಪ್ಲಾಸ್ಮಾದಲ್ಲಿ ಅಳೆಯದೆ ಇಡೀ ರಕ್ತದಲ್ಲಿ ಅಳೆಯುತ್ತಾರೆ. ರಕ್ತಹೀನತೆ ಇರುವವರಲ್ಲಿ ಕೆಂಪು ಕಣಗಳು ಕಡಿಮೆ ಇರುವುದರಿಂದ ಅಳತೆಯ ಅಂಕಿಯೂ ಕಡಿಮೆ ತೋರಬಹುದು. ಕೇವಲ ಅಂಕಿಯನ್ನು ನೋಡಿ ಔಷಧವನ್ನು ಏರಿಸುವುದು ಅಂತಹವರಲ್ಲಿ ಸರಿಯಾಗದು.

ಎರಡು ವಂಶವಾಹಿಗಳ ಪ್ರಶ್ನೆ

ವ್ಯಕ್ತಿಗಳ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳಲ್ಲೊಂದು ಸಿವೈಪಿ೩ಎ೫ ಎಂಬ ಕಿಣ್ವದ ವಂಶವಾಹಿ. ಕೆಲವರಲ್ಲಿ ಈ ವಂಶವಾಹಿಯು ಕೆಲಸ ಮಾಡುವ ಕಿಣ್ವವನ್ನು ಉತ್ಪಾದಿಸುತ್ತದೆ. ಅಂತಹವರಲ್ಲಿ ಔಷಧ ಬೇಗನೆ ಒಡೆದುಹೋಗುತ್ತದೆ. ಇತರರಲ್ಲಿ ಆ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಆಫ್ರಿಕಾ ಮೂಲದವರಲ್ಲಿ ಮೊದಲ ಗುಂಪಿನವರು ಹೆಚ್ಚು, ಯುರೋಪ್ ಮೂಲದವರಲ್ಲಿ ಕಡಿಮೆ. ಕಿಣ್ವವುಳ್ಳವರಿಗೆ ಆರಂಭಿಕ ಪ್ರಮಾಣವನ್ನು ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿಸಬಹುದೆಂದು ೨೦೧೫ರ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು ತಿಳಿಸುತ್ತದೆ.

ಮೂತ್ರಪಿಂಡದ ಕಸಿಯಲ್ಲಿ ರೋಗಿಯೊಬ್ಬನ ವಂಶವಾಹಿಯನ್ನು ಪರೀಕ್ಷಿಸಿದರೆ ಸಾಕು. ಯಕೃತ್ತಿನ ಕಸಿಯಲ್ಲಿ ಹಾಗಲ್ಲ. ರೋಗಿಯ ಕರುಳಿನಲ್ಲಿ ಅವನದೇ ವಂಶವಾಹಿ ಇರುತ್ತದೆ. ಹೊಸ ಯಕೃತ್ತಿನಲ್ಲಿ ದಾನಿಯ ವಂಶವಾಹಿ ಇರುತ್ತದೆ. ಒಂದೇ ಔಷಧವು ಒಂದೇ ದೇಹದಲ್ಲಿ ಇಬ್ಬರು ವ್ಯಕ್ತಿಗಳ ಕಿಣ್ವಗಳನ್ನು ದಾಟಬೇಕಾಗುತ್ತದೆ. ಆದ್ದರಿಂದ ಮೇಲೆ ಹೇಳಿದ ಮಾರ್ಗಸೂಚಿಯು ಯಕೃತ್ತಿನ ಕಸಿಗೆ ಅನ್ವಯಿಸುವುದು ದಾನಿ ಮತ್ತು ರೋಗಿಯ ವಂಶವಾಹಿಗಳು ಒಂದೇ ಬಗೆಯವಾಗಿದ್ದಾಗ ಮಾತ್ರ.

ಭಾರತದಲ್ಲಿ ಬಂಧುವೊಬ್ಬರು ತಮ್ಮ ಯಕೃತ್ತಿನ ಒಂದು ಭಾಗವನ್ನು ದಾನ ಮಾಡುವ ಪದ್ಧತಿ ಹೆಚ್ಚು ರೂಢಿಯಲ್ಲಿದೆ. ಆ ಭಾಗವು ಬೆಳೆದು ಪೂರ್ಣ ಗಾತ್ರಕ್ಕೆ ಬರುವವರೆಗೆ ಔಷಧವನ್ನು ಒಡೆಯುವ ಅದರ ಸಾಮರ್ಥ್ಯ ಸೀಮಿತವಾಗಿರುವುದರಿಂದ, ಆರಂಭದ ದಿನಗಳಲ್ಲಿ ಕಡಿಮೆ ಪ್ರಮಾಣವೇ ಸಾಕಾಗಬಹುದು. ಯಕೃತ್ತು ಬೆಳೆದಂತೆ ಅದೇ ಪ್ರಮಾಣ ಸಾಲದೆ ಹೋಗಬಹುದು.

ಮಟ್ಟವನ್ನು ಅಳೆಯುವ ಕ್ರಮ

ಔಷಧವನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಬಾರಿ ನೀಡಲಾಗುತ್ತದೆ. ದಿನಕ್ಕೊಮ್ಮೆ ಸೇವಿಸುವ, ನಿಧಾನವಾಗಿ ಕರಗುವ ರೂಪಗಳೂ ಇವೆ. ಮುಂದಿನ ಪ್ರಮಾಣವನ್ನು ಸೇವಿಸುವ ಮುನ್ನ ರಕ್ತದಲ್ಲಿ ಉಳಿದಿರುವ ಕನಿಷ್ಠ ಮಟ್ಟಕ್ಕೆ ತಳಮಟ್ಟ ಎನ್ನಬಹುದು. ನಿಗಾ ಇಡುವುದು ಈ ತಳಮಟ್ಟದ ಮೇಲೆಯೇ. ಆದುದರಿಂದ ಪರೀಕ್ಷೆಯ ದಿನ ರೋಗಿಯು ಬೆಳಗಿನ ಔಷಧವನ್ನು ಸೇವಿಸದೆ ಬಂದು, ರಕ್ತ ಕೊಟ್ಟ ಬಳಿಕ ಸೇವಿಸಬೇಕು. ಮರೆತು ಮೊದಲೇ ಸೇವಿಸಿದರೆ ಅಂಕಿಯು ತಪ್ಪಾಗಿ ಹೆಚ್ಚಿರುತ್ತದೆ. ಅದನ್ನು ನಂಬಿ ವೈದ್ಯರು ಪ್ರಮಾಣವನ್ನು ತಗ್ಗಿಸಿದರೆ ಹೊಸ ಯಕೃತ್ತಿಗೆ ರಕ್ಷಣೆ ಕಡಿಮೆಯಾಗುತ್ತದೆ. ಹಿಂದಿನ ರಾತ್ರಿಯ ಔಷಧವನ್ನು ಎಷ್ಟು ಗಂಟೆಗೆ ಸೇವಿಸಲಾಯಿತೆಂಬುದನ್ನು ತಿಳಿಸುವುದೂ ಅಷ್ಟೇ ಅಗತ್ಯ.

ಮಟ್ಟವನ್ನು ಒಂದು ಮಿಲಿಲೀಟರ್ ರಕ್ತದಲ್ಲಿ ಇಷ್ಟು ನ್ಯಾನೋಗ್ರಾಂ ಎಂದು ಹೇಳಲಾಗುತ್ತದೆ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಭಾಗ. ಆರಂಭದ ವರ್ಷಗಳಲ್ಲಿ ೫ರಿಂದ ೨೦ರವರೆಗಿನ ಮಟ್ಟವನ್ನು ಒಪ್ಪಲಾಗುತ್ತಿತ್ತು. ಮೂತ್ರಪಿಂಡದ ಹಾನಿಯು ಅರಿವಿಗೆ ಬಂದಂತೆ ಗುರಿ ಕೆಳಗಿಳಿಯಿತು. ಇಂದು ಇತರ ಔಷಧಗಳ ಜೊತೆಯಲ್ಲಿ ನೀಡುವಾಗ ಮೊದಲ ತಿಂಗಳು ಸುಮಾರು ೬ರಿಂದ ೧೦, ಅನಂತರ ೪ರಿಂದ ೮ ಎಂಬುದು ಹಲವೆಡೆ ರೂಢಿಯಲ್ಲಿರುವ ಗುರಿ. ರೋಗಿಯ ಸ್ಥಿತಿ ಮತ್ತು ಆಸ್ಪತ್ರೆಯ ಕ್ರಮಕ್ಕೆ ಅನುಸಾರವಾಗಿ ಇದು ಬದಲಾಗುತ್ತದೆ.

ಅಳತೆಗೆ ಎರಡು ವಿಧಾನಗಳಿವೆ. ಪ್ರತಿಕಾಯಗಳನ್ನು ಬಳಸುವ ಇಮ್ಯುನೋಅಸ್ಸೇ ವಿಧಾನವು ಶೀಘ್ರವಾದುದು. ಆದರೆ ಅದು ಔಷಧದ ಒಡೆದ ತುಣುಕುಗಳನ್ನೂ ಔಷಧವೆಂದೇ ಎಣಿಸಬಹುದು. ಪಿತ್ತರಸ ಸರಿಯಾಗಿ ಹರಿಯದೆ ತುಣುಕುಗಳು ದೇಹದಲ್ಲಿ ಉಳಿದಾಗ ಈ ದೋಷ ಹೆಚ್ಚುತ್ತದೆ. ದ್ರವ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಕೂಡಿದ ವಿಧಾನವು ಔಷಧವನ್ನು ಮಾತ್ರ ನಿಖರವಾಗಿ ಅಳೆಯುತ್ತದೆ. ಅದಕ್ಕೆ ದುಬಾರಿ ಯಂತ್ರವೂ ನುರಿತ ಸಿಬ್ಬಂದಿಯೂ ಬೇಕು. ಎರಡೂ ವಿಧಾನಗಳ ಅಂಕಿಗಳು ಒಂದೇ ಆಗಿರುವುದಿಲ್ಲವಾದ್ದರಿಂದ, ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವುದು ಹೋಲಿಕೆಗೆ ಅನುಕೂಲ.

ಮಟ್ಟವನ್ನು ಏರುಪೇರು ಮಾಡುವ ಸಂಗತಿಗಳು

ಸಿವೈಪಿ೩ಎ ಕಿಣ್ವಗಳನ್ನು ತಡೆಯುವ ವಸ್ತುಗಳು ಟ್ಯಾಕ್ರೋಲಿಮಸ್‌ನ ಮಟ್ಟವನ್ನು ಏರಿಸುತ್ತವೆ. ಶಿಲೀಂಧ್ರ ಸೋಂಕಿಗೆ ನೀಡುವ ಫ್ಲೂಕೊನಜೋಲ್ ಮತ್ತು ವೊರಿಕೊನಜೋಲ್, ಪ್ರತಿಜೀವಕಗಳಾದ ಎರಿಥ್ರೊಮೈಸಿನ್ ಮತ್ತು ಕ್ಲಾರಿಥ್ರೊಮೈಸಿನ್, ರಕ್ತದೊತ್ತಡಕ್ಕೆ ನೀಡುವ ಡಿಲ್ಟಿಯಾಜೆಮ್, ವೈರಾಣು ಸೋಂಕಿಗೆ ಬಳಸುವ ರಿಟೋನಾವಿರ್ ಈ ಗುಂಪಿಗೆ ಸೇರಿವೆ. ಗ್ರೇಪ್‌ಫ್ರೂಟ್ ಹಣ್ಣಿನಲ್ಲಿರುವ ಫ್ಯುರಾನೊಕೌಮಾರಿನ್ ಎಂಬ ರಾಸಾಯನಿಕಗಳು ಕರುಳಿನ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಅದರ ಹತ್ತಿರದ ಬಂಧುವಾದ ಚಕ್ಕೋತದಲ್ಲಿಯೂ ಅವು ಇವೆ. ದೇವನಹಳ್ಳಿಯ ಚಕ್ಕೋತ ಕರ್ನಾಟಕದಲ್ಲಿ ಹೆಸರಾದ ಹಣ್ಣು; ಈ ಔಷಧ ಸೇವಿಸುವವರಿಗೆ ಮಾತ್ರ ಅದು ವರ್ಜ್ಯ.

ಕಿಣ್ವಗಳನ್ನು ಪ್ರಚೋದಿಸುವ ವಸ್ತುಗಳು ಮಟ್ಟವನ್ನು ಇಳಿಸುತ್ತವೆ. ಕ್ಷಯರೋಗಕ್ಕೆ ನೀಡುವ ರಿಫಾಂಪಿಸಿನ್ ಇವುಗಳಲ್ಲಿ ಪ್ರಬಲವಾದುದು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಇದು ಕಸಿ ವೈದ್ಯರ ಮುಂದಿರುವ ಕಠಿಣ ಸಮಸ್ಯೆ. ಚಿಕಿತ್ಸೆ ಮುಗಿದು ರಿಫಾಂಪಿಸಿನ್ ನಿಂತ ಮೇಲೆ ಟ್ಯಾಕ್ರೋಲಿಮಸ್ ಪ್ರಮಾಣವನ್ನು ತಗ್ಗಿಸದಿದ್ದರೆ ಮಟ್ಟವು ಅಪಾಯಕರವಾಗಿ ಏರುತ್ತದೆ. ಮೂರ್ಛೆರೋಗದ ಫೆನಿಟೋಯಿನ್ ಮತ್ತು ಕಾರ್ಬಮಜೆಪಿನ್ ಕೂಡ ಇದೇ ರೀತಿ ವರ್ತಿಸುತ್ತವೆ.

ತೀವ್ರ ಭೇದಿಯಾದಾಗ ಔಷಧವು ಹರಿದುಹೋಗಿ ಮಟ್ಟ ಇಳಿಯುವುದೆಂದು ಊಹಿಸುವುದು ಸಹಜ. ಆದರೆ ಕರುಳಿನ ಒಳಪದರಕ್ಕೆ ಧಕ್ಕೆಯಾಗಿ ಅಲ್ಲಿನ ಕಿಣ್ವ ಹಾಗೂ ಪಿ-ಗ್ಲೈಕೋಪ್ರೋಟೀನ್ ಕುಗ್ಗುವುದರಿಂದ ಟ್ಯಾಕ್ರೋಲಿಮಸ್‌ನ ಮಟ್ಟ ಸಾಮಾನ್ಯವಾಗಿ ಏರುತ್ತದೆ. ಹೊಸ ಯಕೃತ್ತಿನ ಕಾರ್ಯ ಕುಂದಿದಾಗಲೂ ಮಟ್ಟ ಏರುತ್ತದೆ. ಆದ್ದರಿಂದ ಕಾರಣವಿಲ್ಲದೆ ಏರಿದ ಅಂಕಿಯು ಕೆಲವೊಮ್ಮೆ ಯಕೃತ್ತಿನ ತೊಂದರೆಯ ಸೂಚನೆಯೂ ಆಗಿರುತ್ತದೆ.

ದುಷ್ಪರಿಣಾಮಗಳು

ಮಟ್ಟ ಹೆಚ್ಚಾದಾಗ ಕೈನಡುಕ, ತಲೆನೋವು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಮೆಗ್ನೀಸಿಯಂ ಇಳಿಯುತ್ತದೆ. ದೀರ್ಘಕಾಲದ ಬಳಕೆಯಿಂದ ಮೂತ್ರಪಿಂಡದ ಹಾನಿ, ಅಧಿಕ ರಕ್ತದೊತ್ತಡ, ಮಧುಮೇಹ ಮತ್ತು ಕೆಲವು ಬಗೆಯ ಕ್ಯಾನ್ಸರುಗಳ ಸಂಭವ ಹೆಚ್ಚುತ್ತದೆ. ಈ ಕಾರಣದಿಂದ ಮೈಕೋಫಿನೊಲೇಟ್ ಅಥವಾ ಎವೆರೊಲಿಮಸ್‌ನಂತಹ ಔಷಧವನ್ನು ಜೊತೆಗೆ ನೀಡಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ತಗ್ಗಿಸುವ ಕ್ರಮವಿದೆ.

ಸಂಶೋಧನೆಯ ದಿಕ್ಕು

ಒಂದು ದಿನದ ಅಂಕಿಗಿಂತ ಹಲವು ತಿಂಗಳುಗಳ ಅಂಕಿಗಳ ಏರಿಳಿತವೂ ಮುಖ್ಯವೆಂದು ಸಂಶೋಧಕರು ಗಮನಿಸಿದ್ದಾರೆ. ಮಟ್ಟವು ಪದೇ ಪದೇ ಏರಿಳಿಯುವುದಕ್ಕೆ ಔಷಧವನ್ನು ಮರೆಯುವುದು, ಹೊತ್ತು ತಪ್ಪಿಸುವುದು, ವೈದ್ಯರಿಗೆ ತಿಳಿಸದೆ ಬೇರೆ ತಯಾರಿಕೆಗೆ ಬದಲಾಗುವುದು ಕಾರಣಗಳಾಗಬಹುದು. ಬೆರಳ ತುದಿಯ ಒಂದು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳುಹಿಸುವ ವಿಧಾನವನ್ನು ಅಭಿವೃದ್ಧಿಪಡಿಸಲಾಗಿದೆ; ನಗರದಿಂದ ದೂರವಿರುವ ರೋಗಿಗಳಿಗೆ ಇದು ಉಪಯುಕ್ತ. ಇತರ ಅಂಗಗಳಿಗೆ ಹೋಲಿಸಿದರೆ ಯಕೃತ್ತನ್ನು ದೇಹವು ಹೆಚ್ಚು ಸಹಿಸುತ್ತದೆ. ಎಚ್ಚರಿಕೆಯಿಂದ ಆಯ್ದ ಕೆಲವು ರೋಗಿಗಳಲ್ಲಿ, ವೈದ್ಯರ ಕಟ್ಟುನಿಟ್ಟಿನ ನಿಗಾದಲ್ಲಿ, ಈ ಔಷಧಗಳನ್ನು ಪೂರ್ಣವಾಗಿ ನಿಲ್ಲಿಸಲು ಸಾಧ್ಯವಾಗಿದೆ. ಅಂತಹವರನ್ನು ಮೊದಲೇ ಗುರುತಿಸುವ ಬಗೆಯನ್ನು ಕುರಿತು ಅಧ್ಯಯನಗಳು ನಡೆಯುತ್ತಿವೆ. ಉಳಿದವರಿಗೆ ಹೊತ್ತಿಗೆ ಸರಿಯಾದ ಔಷಧ ಸೇವನೆ ಮತ್ತು ನಿಯಮಿತ ರಕ್ತಪರೀಕ್ಷೆ ಜೀವನಪರ್ಯಂತ ಅಗತ್ಯ.